ಓಪನಿಂಗ್ ಕಲಿಯಲು ಯಾವ ಚೆಸ್ ಸಾಫ್ಟ್‌ವೇರ್? ಕರೆಂಟು ಕೈಕೊಡುವ ಊರಿನವನ ಲೆಕ್ಕಾಚಾರ

ಹಾಸನದಲ್ಲಿ ಒಂದು ಭಾನುವಾರದ ರ‍್ಯಾಪಿಡ್ ಟೂರ್ನಿ, ಮೂರನೇ ಸುತ್ತು. ಎದುರಿಗೆ ಕೂತವನು ಕಾಲು ನೆಲಕ್ಕೆ ತಾಗದ ಪೋರ. ನನ್ನದು ಕಪ್ಪು ಕಾಯಿ. ಅವನು ಇ4, ನಾನು ಸಿ6 (ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆಯ ಹೆಸರು). ಮಳೆಗಾಲ ಪೂರ್ತಿ ಆಲ್ದೂರಿನ ಮನೆಯಲ್ಲಿ ಕೂತು, ಈ ಸಿ6ರಿಂದ ಶುರುವಾಗುವ ಕಾರೊ-ಕಾನ್ ಎಂಬ ಓಪನಿಂಗ್ (ಆಟದ ಆರಂಭದ ನಡೆಗಳ ಸಿದ್ಧ ಕ್ರಮ) ಉರು ಹೊಡೆದಿದ್ದೆ. ಅದರ ಅಡ್ವಾನ್ಸ್ ವೇರಿಯೇಷನ್ ಎಂಬ ಕವಲಿನಲ್ಲಿ ಹದಿನಾಲ್ಕನೇ ನಡೆಯವರೆಗೆ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದೆ. ಹುಡುಗ ಎರಡನೇ ನಡೆಗೆ ಡಿ4 ಆಡಲೇ ಇಲ್ಲ. ಒಂಟೆಯನ್ನು ಎತ್ತಿ ಸಿ4ರಲ್ಲಿ ಇಟ್ಟು, ಪಕ್ಕದ ಬೋರ್ಡು ನೋಡುತ್ತ ಕೂತ. 25 ನಿಮಿಷದ ಆಟದಲ್ಲಿ ಎಂಟು ನಿಮಿಷ ಅಲ್ಲೇ ಹೋಯಿತು. ಕೊನೆಗೆ ಡಿ5 ಆಡಿದೆ, ಅದು ಸರಿಯಾದ ನಡೆಯೇ. ಆಟವೂ ಕೆಡಲಿಲ್ಲ. ಆದರೆ ಕೊನೆಯಲ್ಲಿ ಒಂದು ಪದಾತಿ ಹೆಚ್ಚಿಟ್ಟುಕೊಂಡು ಗಡಿಯಾರಕ್ಕೆ ಸೋತೆ.

ಮನೆಗೆ ಬಂದು ನೋಡಿದರೆ ಆ ನಡೆಗೊಂದು ಹೆಸರೂ ಇದೆ: ಹಿಲ್‌ಬಿಲ್ಲಿ ಅಟ್ಯಾಕ್. ಗುಡ್ಡಗಾಡಿನ ಹಳ್ಳಿಗನ ದಾಳಿ ಅಂತ. ಗುಡ್ಡದಿಂದ ಇಳಿದು ಹೋದವನು ನಾನು, ದಾಳಿ ಮಾಡಿದವನು ಹಾಸನದವನು!

ಆ ಸೋಲಿನ ನಂತರ ಓಪನಿಂಗ್ ಅಭ್ಯಾಸಕ್ಕೆ ಸಿಗುವ ಸಾಫ್ಟ್‌ವೇರುಗಳನ್ನು ಒಂದೊಂದಾಗಿ ಹಿಡಿದು ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ. ವಾರದ ಕೊನೆಗೆ ಚಿಕ್ಕಮಗಳೂರಿನಲ್ಲಿ ಒಟ್ಟಿಗೆ ಆಡುವ ಗೆಳೆಯರು, ಅವರ ಮಕ್ಕಳು, ‘ಯಾವುದು ತಗೊಳ್ಳೋಣ’ ಎಂದು ಪದೇ ಪದೇ ಕೇಳುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಅಳೆಯುವುದು ಎರಡೇ ಸಂಗತಿ. ಇದು ನನ್ನ ಎದುರಿಗೆ ನಿಜವಾಗಿ ಬರುವ ನಡೆಗಳನ್ನು ತೋರಿಸುತ್ತದೆಯೇ? ಉತ್ತರ ತೋರಿಸುವ ಮೊದಲು ನನ್ನ ಕೈಯಲ್ಲಿ ಕಾಯಿ ಎತ್ತಿಸುತ್ತದೆಯೇ? ಮಲೆನಾಡಿನವರಿಗೆ ಮೂರನೆಯದೂ ಇದೆ: ಜುಲೈನಲ್ಲಿ ಮರ ಬಿದ್ದು ಲೈನು ಹೋದಾಗಲೂ ನಡೆಯುತ್ತದೆಯೇ?

ಎಂಜಿನ್ ಬೇರೆ, ಪುಸ್ತಕ ಬೇರೆ

ಹೊಸಬರ ಮೊದಲ ತಪ್ಪು ಎಂಜಿನ್ನನ್ನೇ, ಅಂದರೆ ಚೆಸ್ ಆಡುವ ಪ್ರೋಗ್ರಾಮನ್ನೇ, ಓಪನಿಂಗ್ ಮೇಷ್ಟ್ರು ಅಂದುಕೊಳ್ಳುವುದು. ಎಂಜಿನ್ ಲೆಕ್ಕ ಹಾಕುತ್ತದೆ. ಡೇಟಾಬೇಸ್ ಯಾರು ಏನು ಆಡಿದರು ಎಂದು ತೋರಿಸುತ್ತದೆ. ಟ್ರೇನರ್ ನೀವು ಕಲಿತದ್ದನ್ನು ತಿರುಗಿ ಕೇಳುತ್ತದೆ. ಮೂರೂ ಬೇರೆ ಬೇರೆ ಕೆಲಸ.

ಇದಕ್ಕೆ ಒಳ್ಳೆಯ ಸಾಕ್ಷಿ 1997ರ ಮೇ 11. ನ್ಯೂಯಾರ್ಕಿನಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರಿನ ವಿರುದ್ಧ ಆರನೇ ಆಟದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಆಡಿದ್ದು ಇದೇ ಕಾರೊ-ಕಾನ್. ಏಳನೇ ನಡೆಗೆ ಎಚ್6 ತಳ್ಳಿದರು. ಯಂತ್ರ ತಕ್ಷಣ ಇ6ರಲ್ಲಿ ಕುದುರೆ ಬಲಿ ಕೊಟ್ಟಿತು. 19 ನಡೆಗೆ ಆಟ ಮುಗಿಯಿತು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುವ ಆ ಯಂತ್ರ ಆ ಬಲಿಯನ್ನು ಲೆಕ್ಕ ಹಾಕಿ ಹುಡುಕಿದ್ದಲ್ಲ. ತಂಡದವರು ತುಂಬಿಸಿಟ್ಟ ಓಪನಿಂಗ್ ಪುಸ್ತಕದಲ್ಲಿ ಅದು ಮೊದಲೇ ಇತ್ತು.

ಇವತ್ತು ಸ್ಟಾಕ್‌ಫಿಶ್ ಎಂಬ ಎಂಜಿನ್ ಪುಕ್ಕಟೆ. 2008ರಲ್ಲಿ ಶುರುವಾದದ್ದು, 2020ರಲ್ಲಿ ನ್ಯೂರಲ್ ನೆಟ್‌ವರ್ಕ್ ಸೇರಿದ ಮೇಲಂತೂ ನಿಮ್ಮ ಹಳೆಯ ಫೋನಿನಲ್ಲಿ ಓಡಿದರೂ ಡೀಪ್ ಬ್ಲೂಗಿಂತ ಬಲಶಾಲಿ. ಆದರೆ ಅದು ‘0.2 ಹೆಚ್ಚು’ (ಒಂದು ಪದಾತಿಯ ಐದನೇ ಒಂದರಷ್ಟು ಮೇಲು) ಎಂದು ತೋರಿಸುವ ನಡೆಯ ಹಿಂದೆ ಬಿದ್ದರೆ, ನಿಮ್ಮ ಎದುರಾಳಿ ಎಂದೂ ಆಡದ ಹನ್ನೆರಡನೇ ನಡೆಗೆ ಉತ್ತರ ಕಲಿಯುತ್ತ ಕೂರುತ್ತೀರಿ. ನಾನು ಮಾಡುವುದು ಇಷ್ಟು: ಮೂರು ಸಾಲು ತೋರಿಸು ಅಂತ ಎಂಜಿನ್ನಿಗೆ ಹೇಳುತ್ತೇನೆ. ಮೂರರ ನಡುವಿನ ಅಂತರ 0.3ರ ಒಳಗಿದ್ದರೆ ಎಂಜಿನ್ ಮುಚ್ಚಿ, ನನಗೆ ಅರ್ಥವಾಗುವ ನಡೆಯನ್ನು ಆರಿಸಿಕೊಳ್ಳುತ್ತೇನೆ.

ಲಿಚೆಸ್: ಮೊದಲು ಇಲ್ಲಿಂದಲೇ

ಫ್ರಾನ್ಸಿನ ಲಾಭರಹಿತ ಸಂಸ್ಥೆಯೊಂದು ನಡೆಸುವ ತಾಣ. ಪೂರ್ತಿ ಉಚಿತ, ಜಾಹೀರಾತಿಲ್ಲ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಇದರಲ್ಲಿ ಓಪನಿಂಗ್ ಎಕ್ಸ್‌ಪ್ಲೋರರ್ ಅನ್ನುವ ಡೇಟಾಬೇಸೊಂದಿದೆಯಲ್ಲ, ಬೇರೆ ಯಾವುದನ್ನೂ ಬಳಸದಿದ್ದರೂ ಇದನ್ನು ಬಳಸಿ. ಮೂರು ವಿಭಾಗ. ‘ಮಾಸ್ಟರ್ಸ್’ ಅಂದರೆ ಫಿಡೆ (ಜಾಗತಿಕ ಚೆಸ್ ಒಕ್ಕೂಟ) ಕೊಡುವ ರೇಟಿಂಗ್, ಅಂದರೆ ಆಟದ ಬಲದ ಅಂಕ, 2200ಕ್ಕಿಂತ ಮೇಲಿನವರ ಆಟಗಳು. ‘ಲಿಚೆಸ್’ ಅಂದರೆ ಆ ತಾಣದಲ್ಲಿ ನನ್ನಂಥವರು, ನಿಮ್ಮಂಥವರು ಆಡಿದ್ದು. ಇದರಲ್ಲಿ ರೇಟಿಂಗ್ ಆರಿಸಿಕೊಳ್ಳಬಹುದು, 1200, 1400, 1600 ಹೀಗೆ. ಬ್ಲಿಟ್ಜೋ ರ‍್ಯಾಪಿಡ್ಡೋ ಅದನ್ನೂ. ಮೂರನೆಯದು ಒಬ್ಬ ಆಟಗಾರನ ಆಟಗಳು. ಅಲ್ಲಿ ನಿಮ್ಮದೇ ಹೆಸರು ಹಾಕಿ.

ಹಾಸನದ ಆ ಒಂಟೆ ನಡೆಯನ್ನು ಮಾಸ್ಟರ್ಸ್ ವಿಭಾಗದಲ್ಲಿ ಹಾಕಿದೆ. ತೀರಾ ಅಪರೂಪ. ದೊಡ್ಡವರು ಅದನ್ನು ಆಡುವುದಿಲ್ಲ, ಆದ್ದರಿಂದ ದೊಡ್ಡವರಿಗಾಗಿ ಬರೆದ ಪುಸ್ತಕದಲ್ಲಿ ಅದಕ್ಕೆ ಒಂದು ಪ್ಯಾರಾ ಸಿಕ್ಕಿದರೆ ಹೆಚ್ಚು. ಅದೇ ನಡೆಯನ್ನು ಲಿಚೆಸ್ ವಿಭಾಗದಲ್ಲಿ 1400ರ ಸುತ್ತಮುತ್ತ ಹಾಕಿದರೆ ಲಕ್ಷಗಟ್ಟಲೆ ಆಟ. ಹದಿನಾಲ್ಕು ನಡೆ ಉರು ಹೊಡೆದವನಿಗೆ ಎರಡನೇ ನಡೆ ಗೊತ್ತಿರಲಿಲ್ಲ ಅನ್ನುವುದು ಆಗ ಹೊಳೆಯಿತು.

ಉತ್ತರವೂ ಅಲ್ಲೇ ಸಿಕ್ಕಿತು. ಡಿ5 ತಳ್ಳಬೇಕು. ಬಿಳಿ ಹೊಡೆದರೆ ಸಿ ಪದಾತಿಯಿಂದ ಹಿಂದಕ್ಕೆ ಹೊಡೆಯಬೇಕು. ಆಗ ಸಿ4ರ ಒಂಟೆ ಮತ್ತೆ ಓಡಬೇಕು: ಬಿಳಿಯ ಒಂದೇ ಕಾಯಿಗೆ ಎರಡು ನಡೆ ಖರ್ಚು, ಮಧ್ಯದಲ್ಲಿ ನಮ್ಮ ಪದಾತಿ ಗಟ್ಟಿ. ಬಿ5ಗೆ ಹೋಗಿ ಚೆಕ್ ಕೊಟ್ಟರೆ ಕುದುರೆ ಸಿ6. ಇಷ್ಟೇ ವಿಷಯ. ಇದಕ್ಕೆ ಎಂಟು ನಿಮಿಷ!

ಎಚ್ಚರಿಕೆ ಒಂದಿದೆ. ಎಕ್ಸ್‌ಪ್ಲೋರರಿನಲ್ಲಿ ಗೆಲುವಿನ ಪಟ್ಟಿ ನೋಡಿ ‘ಈ ನಡೆಗೆ 100 ಶೇಕಡಾ ಗೆಲುವು’ ಎಂದು ಹಿಗ್ಗಬೇಡಿ. ಪಕ್ಕದಲ್ಲಿ ಆಟದ ಸಂಖ್ಯೆ ಮೂರು ಇರುತ್ತದೆ. ನೂರಕ್ಕಿಂತ ಕಡಿಮೆ ಆಟ ಇರುವ ಸಾಲನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಇನ್ನೊಂದು ಸೌಲಭ್ಯ ‘ಸ್ಟಡಿ’, ನಡೆಗಳನ್ನು ಬರೆದಿಡುವ ನೋಟ್‌ಬುಕ್ಕಿನಂಥದ್ದು. ಒಂದು ಸ್ಟಡಿಯಲ್ಲಿ 64 ಅಧ್ಯಾಯ ಮಾಡಬಹುದು, ಚದುರಂಗದ ಮನೆಗಳಷ್ಟೇ. ನಾನು ಬಿಳಿಗೆ ಒಂದು, ಕಪ್ಪಿನಲ್ಲಿ ಇ4ಗೆ ಒಂದು, ಡಿ4ಗೆ ಒಂದು, ಹೀಗೆ ಮೂರು ಸ್ಟಡಿ ಇಟ್ಟಿದ್ದೇನೆ. ಅಧ್ಯಾಯವನ್ನು ‘ಮುಂದಿನ ನಡೆ ಮುಚ್ಚು’ ಅಥವಾ ‘ಇಂಟರಾಕ್ಟಿವ್ ಪಾಠ’ ಎಂದು ಬದಲಿಸಿದರೆ ಅದು ನಿಮ್ಮಿಂದ ನಡೆ ಕೇಳುತ್ತದೆ. ಪ್ರತಿ ನಡೆಗೂ ಕನ್ನಡದಲ್ಲೇ ಒಂದು ವಾಕ್ಯ ಬರೆದಿಡಿ. ನನ್ನ ಸ್ಟಡಿಯಲ್ಲಿ ಅಡ್ವಾನ್ಸ್ ವೇರಿಯೇಷನ್ನಿನ ಮೂರನೇ ನಡೆಯ ಪಕ್ಕ ಹೀಗಿದೆ: ‘ಒಂಟೆ ಮೊದಲು ಅಂಗಳಕ್ಕೆ, ಆಮೇಲೆ ಇ6 ಬಾಗಿಲು ಹಾಕು.’ ಫ್ರೆಂಚ್ ಡಿಫೆನ್ಸ್ ಎಂಬ ಇನ್ನೊಂದು ಓಪನಿಂಗಿನಲ್ಲಿ ಬಾಗಿಲು ಮೊದಲು ಮುಚ್ಚಿಕೊಂಡು ಒಂಟೆ ಒಳಗೇ ಒದ್ದಾಡುತ್ತದಲ್ಲ, ಕಾರೊ-ಕಾನಿನ ಲಾಭವೇ ಆ ವ್ಯತ್ಯಾಸ. ಈ ಒಂದು ಸಾಲು ನನಗೆ ಹದಿನಾಲ್ಕು ನಡೆಗಿಂತ ಹೆಚ್ಚು ಸಲ ಕೈ ಹಿಡಿದಿದೆ.

ಮೂರನೆಯದನ್ನು ಬಹಳ ಜನ ಗಮನಿಸಿಯೇ ಇಲ್ಲ: ಕರೆಸ್ಪಾಂಡೆನ್ಸ್ ಆಟ. ಒಂದು ನಡೆಗೆ ಒಂದು ದಿನದಿಂದ 14 ದಿನದವರೆಗೆ ಸಮಯ. ಈ ಬಗೆಯ ಆಟದಲ್ಲಿ ಎಕ್ಸ್‌ಪ್ಲೋರರ್ ನೋಡಿಕೊಂಡು ಆಡಲು ಅನುಮತಿ ಇದೆ. ಎಂಜಿನ್ನಿಗೆ ಇಲ್ಲ, ಅದು ಮೋಸ. ಎದುರಾಳಿ ನಡೆ ಇಡುತ್ತಾನೆ, ಟೀ ಕುಡಿಯುತ್ತ ಡೇಟಾಬೇಸ್ ತಿರುವಿ, ಯಾಕೆ ಅಂತ ಯೋಚಿಸಿ ಉತ್ತರ ಇಡುತ್ತೀರಿ. ಹೀಗೆ ಹತ್ತು ಆಟ ಆಡಿದರೆ ಓಪನಿಂಗ್ ತಾನಾಗಿ ಮೈಗೂಡುತ್ತದೆ. ಮೂಡಿಗೆರೆ ಕಡೆಯ ಗೆಳೆಯನೊಬ್ಬನಿಗೆ ಮನೆಯಲ್ಲಿ ಸಿಗ್ನಲ್ ಇಲ್ಲ. ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಬಂದಾಗ ಒಂದು ನಡೆ ಆಡಿ ಹೋಗುತ್ತಾನೆ. ನಮ್ಮ ಆಟ ಈಗ ಇಪ್ಪತ್ತೆರಡನೇ ನಡೆಯಲ್ಲಿದೆ. ಹೇಳಲು ಇಷ್ಟವಿಲ್ಲ, ಅವನೇ ಮುಂದಿದ್ದಾನೆ.

ಲಿಚೆಸ್ಸಿನ ಕೊರತೆ: ನೀವು ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ಏರ್ಪಾಡು ಸ್ಟಡಿಯಲ್ಲಿಲ್ಲ. ಎಕ್ಸ್‌ಪ್ಲೋರರ್ ನೆಟ್ ಇಲ್ಲದೆ ನಡೆಯುವುದಿಲ್ಲ.

ಚೆಸ್ಸೇಬಲ್: ನೆನಪಿನ ಯಂತ್ರ, ಬಾಕಿಯ ಭೂತ

ಆ ಕೊರತೆ ತುಂಬುವುದು ಚೆಸ್ಸೇಬಲ್ ಎಂಬ ತಾಣ. ಪಾಠ ಕೊಂಡರೆ ಮೊದಲು ತೋರಿಸುತ್ತದೆ, ಆಮೇಲೆ ಕೇಳುತ್ತದೆ. ಸರಿ ಆಡಿದ ನಡೆ ಕೆಲವು ಗಂಟೆ ಬಿಟ್ಟು, ಮರುದಿನ, ಕೆಲವು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಹೀಗೆ ಅಂತರ ಹಿಗ್ಗಿಸುತ್ತ ಮರಳಿ ಬರುತ್ತದೆ. ತಪ್ಪಿದರೆ ಮತ್ತೆ ಮೊದಲಿಂದ. ಮರೆವಿನ ಬಗ್ಗೆ 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ಬರೆದದ್ದರ ಮೇಲೆ ನಿಂತ ಪದ್ಧತಿ ಇದು. ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ.

ನನಗೆ ತೊಂದರೆಯಾದದ್ದು ಬೇರೆ ಕಡೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಳು, ಕಣ, ಒಣಗಿಸುವುದು, ತೂಕ. ಆ ಮೂರು ತಿಂಗಳು ಚೆಸ್ ಕಡೆ ತಲೆ ಹಾಕಲಿಲ್ಲ. ಮಾರ್ಚಿನಲ್ಲಿ ಹೂಮಳೆ ಬಿದ್ದ ಮೇಲೆ ತೆರೆದರೆ ಬಾಕಿ ಪಾಠ ಆರುನೂರು ಚಿಲ್ಲರೆ. ಸೊಸೈಟಿ ಸಾಲದ ನೋಟಿಸ್ ನೋಡಿದ ಹಾಗಾಯಿತು. ತೀರಿಸಲಾಗದೆ ಮುಚ್ಚಿಟ್ಟೆ.

ತಪ್ಪು ನನ್ನದೂ ಇದೆ. ಮುನ್ನೂರು ಸಾಲಿನ ದೊಡ್ಡ ಕೋರ್ಸು ಕೊಂಡಿದ್ದೆ. ಈಗ ಹೇಳುವುದಾದರೆ: ‘ಶಾರ್ಟ್ ಅಂಡ್ ಸ್ವೀಟ್’ ಎಂಬ ಹೆಸರಿನ ಪುಕ್ಕಟೆ ಕಿರು ಕೋರ್ಸುಗಳಿವೆ, ಅವನ್ನು ಮಾತ್ರ ತಗೊಳ್ಳಿ. ಒಂದು ತಿಂಗಳು ಬಾಕಿ ಬೀಳದೆ ನಡೆಸಿದರೆ ಆಮೇಲೆ ಹಣ ಕೊಡುವ ಯೋಚನೆ. ಕೋರ್ಸುಗಳು ಬಹುಪಾಲು ಇಂಗ್ಲಿಷಿನಲ್ಲಿವೆ ಅನ್ನುವುದನ್ನೂ ಲೆಕ್ಕಕ್ಕಿಡಿ. ಹತ್ತು ವರ್ಷದ ಮಗು ನಡೆ ಕಲಿಯುತ್ತದೆ, ಕಾರಣ ಓದುವುದಿಲ್ಲ.

ಹಣ ಕೊಡದೆ ಇದೇ ಪದ್ಧತಿ ಬೇಕಿದ್ದರೆ ಚೆಸ್‌ಟೆಂಪೊ ಎಂಬ ತಾಣದಲ್ಲಿ ಓಪನಿಂಗ್ ಟ್ರೇನರ್ ಇದೆ. ಲಿಚೆಸ್ ಸ್ಟಡಿಯನ್ನು ಪಿಜಿಎನ್ (ಚೆಸ್ ನಡೆಗಳನ್ನು ಬರೆದಿಡುವ ರೂಪ) ಫೈಲಾಗಿ ಇಳಿಸಿಕೊಂಡು ಅಲ್ಲಿಗೆ ಏರಿಸಬಹುದು. ನೋಡಲು ಅಂದವಿಲ್ಲ, ಆದರೆ ಕೇಳುವುದು ನೀವೇ ಬರೆದ ನಡೆಗಳನ್ನು. ಬಾಕಿಯೂ ನಿಮ್ಮ ಅಳತೆಯಲ್ಲೇ ಇರುತ್ತದೆ.

ಚೆಸ್‌ಬೇಸ್: ಯಾರಿಗೆ ಬೇಕೋ ಅವರಿಗೆ

ಚೆಸ್ ಡೇಟಾಬೇಸ್ ಸಾಫ್ಟ್‌ವೇರ್ ಮಾಡುವ, ಜರ್ಮನಿಯ ಹ್ಯಾಂಬರ್ಗಿನ ಈ ಕಂಪನಿಯ ಕಥೆಯೇ ಸ್ವಾರಸ್ಯ. 1985ರಲ್ಲಿ ಕಾಸ್ಪರೋವ್ ಹ್ಯಾಂಬರ್ಗ್ ಕ್ಲಬ್ಬಿನ ಎಂಟು ಜನರ ಎದುರು ಏಕಕಾಲಕ್ಕೆ ಆಡಿ 3.5–4.5ರಿಂದ ಸೋತರು. 1987ರಲ್ಲಿ ಅದೇ ಕ್ಲಬ್ಬಿನೆದುರು ಮತ್ತೆ ಕೂತಾಗ ಚೆಸ್‌ಬೇಸಿನಲ್ಲಿ ಎದುರಾಳಿಗಳ ಆಟಗಳನ್ನು ನೋಡಿಕೊಂಡು ಹೋಗಿದ್ದರು. ಫಲಿತಾಂಶ 7–1.

ಅಂದರೆ ಈ ಸಾಫ್ಟ್‌ವೇರ್ ಹುಟ್ಟಿದ್ದೇ ಗೊತ್ತಿರುವ ಎದುರಾಳಿಗೆ ತಯಾರಾಗಲು. ಇದರ ಮೆಗಾ ಡೇಟಾಬೇಸಿನಲ್ಲಿ ಒಂದು ಕೋಟಿಗೂ ಹೆಚ್ಚು ಆಟಗಳಿವೆ. 2008ರಲ್ಲಿ ಬಾನ್ ನಗರದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಆನಂದ್ ಅವರು ಕ್ರಾಮ್ನಿಕ್‌ಗೆ ಮೆರಾನ್ ಎಂಬ ಓಪನಿಂಗ್ ಕವಲಿನಲ್ಲಿ ಕಪ್ಪು ಕಾಯಿಯಿಂದಲೇ ಎರಡು ಸಲ ಹೊಡೆದರಲ್ಲ, ಮೂರನೇ ಆಟ ಮತ್ತು ಐದನೇ ಆಟ, ಅಂಥ ತಯಾರಿಗೆ ಇಂಥ ಸಲಕರಣೆ ಬೇಕು. ಮಗಳು ರಾಜ್ಯಮಟ್ಟದಲ್ಲಿ ಆಡುತ್ತಿದ್ದಾಳೆ, ಕೋಚ್ ಇದ್ದಾರೆ, ಎದುರಾಳಿಗಳ ಆಟ ಹಿಂದಿನ ದಿನ ನೋಡಬೇಕು ಅನ್ನುವವರು ಕೊಳ್ಳಿ. ಮೈಸೂರಿನ ಎಂ.ಎಸ್. ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ ನಮ್ಮ ಕಡೆಯ ಮಕ್ಕಳಿಗೂ ಆ ದಾರಿ ಕನಸಲ್ಲ.

ನನಗೆ? ಹಾಸನದ ಆ ಹುಡುಗನ ಒಂದು ಆಟವೂ ಮೆಗಾ ಡೇಟಾಬೇಸಿನಲ್ಲಿಲ್ಲ. ಪ್ರೋಗ್ರಾಮು, ಡೇಟಾಬೇಸು ಸೇರಿ ಹತ್ತು ಸಾವಿರ ರೂಪಾಯಿ ದಾಟುತ್ತದೆ, ವಿಂಡೋಸ್ ಲ್ಯಾಪ್‌ಟಾಪೇ ಬೇಕು. ಆ ಹಣಕ್ಕೆ ಒಳ್ಳೆಯ ಮರದ ಬೋರ್ಡು, ಡಿಜಿಟಲ್ ಗಡಿಯಾರ ತಂದು, ಮಿಕ್ಕಿದ್ದರಲ್ಲಿ ಎರಡು ಟೂರ್ನಿಯ ಪ್ರವೇಶ ಶುಲ್ಕ ಕಟ್ಟಬಹುದು. ಗಡಿಯಾರಕ್ಕೆ ಸೋತವನ ಮಾತು ಇದು.

ಚೆಸ್.ಕಾಂ ಬಗ್ಗೆ ಕೇಳುತ್ತಾರೆ. ಆಡಲು ಚೆನ್ನ, ಜನ ಜಾಸ್ತಿ. ಓಪನಿಂಗ್ ಅಭ್ಯಾಸದ ಸೌಲಭ್ಯಗಳನ್ನು ಮನಸಾರೆ ಬಳಸಬೇಕಾದರೆ ಚಂದಾ ಬೇಕು. ಈಗಾಗಲೇ ಚಂದಾ ಕಟ್ಟಿದ್ದರೆ ಬಳಸಿ, ಇದಕ್ಕಾಗಿಯೇ ಕಟ್ಟಬೇಡಿ.

ಜುಲೈ ತಿಂಗಳಿಗೆ

ಕೊಟ್ಟಿಗೆಹಾರ, ಕಳಸ, ಕೊಪ್ಪದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿ ಮಳೆ ಹಿಡಿದರೆ ಮೊದಲು ಕರೆಂಟು, ಅರ್ಧ ದಿನಕ್ಕೆ ಟವರು. ಆಗ ಆನ್‌ಲೈನ್ ಎಂಬುದೆಲ್ಲ ಮಾಯ. ಚಾರ್ಜು ಇರುವ ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆ, ಫೋನಿನಲ್ಲಿ ಇನ್ನೊಂದಿಷ್ಟು.

ಲ್ಯಾಪ್‌ಟಾಪಿಗೆ ನನ್ನ ಆಯ್ಕೆ ಲೂಕಸ್ ಚೆಸ್. ಉಚಿತ, ಹಳೆಯ ಯಂತ್ರದಲ್ಲೂ ಓಡುತ್ತದೆ. ನಿಮ್ಮ ಪಿಜಿಎನ್ ಕೊಟ್ಟು ‘ಓಪನಿಂಗ್ ಲೈನ್ಸ್’ ಮಾಡಿದರೆ ನೆಟ್ ಇಲ್ಲದೆ ಕೇಳುತ್ತ ಹೋಗುತ್ತದೆ. ಮೆನುಗಳು ಸಂತೆಯ ಹಾಗೆ, ಒಂದು ವಾರ ಬೇಕು ಅಭ್ಯಾಸಕ್ಕೆ. ಅದರೊಳಗಿನ ಎಂಜಿನ್‌ಗಳಲ್ಲಿ ಮಾಯಾ ಎಂಬುದನ್ನು ಹುಡುಕಿ. 2020ರಲ್ಲಿ ಬಂದದ್ದು. ಉಳಿದವು ಅತ್ಯುತ್ತಮ ನಡೆ ಹುಡುಕಿದರೆ, ಇದು ಮನುಷ್ಯರ ಆಟ ನೋಡಿ ಮನುಷ್ಯ ಏನು ಆಡುತ್ತಾನೆ ಎಂದು ಊಹಿಸಲು ಕಲಿತಿದೆ. 1100ರಿಂದ 1900ರವರೆಗೆ ಒಂಬತ್ತು ಮಟ್ಟಗಳಿವೆ. ಸ್ಟಾಕ್‌ಫಿಶ್ಶಿನ ಬಲ ತಗ್ಗಿಸಿ ಆಡಿದರೆ ಹದಿನೈದು ನಡೆ ದೇವರಂತೆ ಆಡಿ ಇದ್ದಕ್ಕಿದ್ದಂತೆ ಮಂತ್ರಿಯನ್ನು ಬಿಟ್ಟಿ ಕೊಡುತ್ತದೆ. ಮಾಯಾ ಹಾಗಲ್ಲ, ನಮ್ಮಂತೆಯೇ ತಪ್ಪುತ್ತದೆ. ಎರಡನೇ ನಡೆಗೆ ಒಂಟೆಯನ್ನು ಸಿ4ಗೂ ಇಡುತ್ತದೆ. ಓಪನಿಂಗ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜೊತೆಗಾರ ಮಳೆಯಲ್ಲಿ ಸಿಗುವುದಿಲ್ಲ. ನೆಟ್ ಇದ್ದಾಗ ಲಿಚೆಸ್ಸಿನಲ್ಲೂ ಮಾಯಾ ಬಾಟ್‌ಗಳು ಆಡಲು ಸಿಗುತ್ತವೆ.

ಡೇಟಾಬೇಸೇ ಬೇಕು ಅನ್ನುವವರಿಗೆ ಸ್ಕಿಡ್ ವರ್ಸಸ್ ಪಿಸಿ ಇದೆ, ಅದೂ ಉಚಿತ. ಮಾರ್ಕ್ ಕ್ರೌಥರ್ 1994ರಿಂದ ವಾರವಾರ ಹೊರತರುತ್ತಿರುವ ‘ದಿ ವೀಕ್ ಇನ್ ಚೆಸ್’ ಫೈಲುಗಳನ್ನು ಪೇಟೆಗೆ ಹೋದಾಗ ಇಳಿಸಿಕೊಂಡು ಅದಕ್ಕೆ ತುಂಬಿಸಿದರೆ ಬಡವರ ಚೆಸ್‌ಬೇಸ್ ಸಿದ್ಧ. ಬರೀ ಆಂಡ್ರಾಯ್ಡ್ ಫೋನ್ ಇದ್ದರೆ ಡ್ರಾಯ್ಡ್‌ಫಿಶ್: ಒಳಗೆ ಸ್ಟಾಕ್‌ಫಿಶ್, ಪಿಜಿಎನ್ ತೆರೆಯುತ್ತದೆ, ನೆಟ್ ಕೇಳುವುದಿಲ್ಲ. ಪರದೆ ಹಳೆಯ ಕಾಲದ್ದು, ಅದು ದೂರುವ ವಿಷಯವಲ್ಲ.

ಹಾಗಾದರೆ ಯಾರಿಗೆ ಯಾವುದು

ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಯಾವುದೂ ಬೇಡ. ಮಧ್ಯ ಹಿಡಿ, ಕುದುರೆ ಒಂಟೆ ಹೊರಗೆ ತಾ, ರಾಜನನ್ನು ಕೋಟೆಗೆ ಸೇರಿಸು, ಇಷ್ಟು ಸಾಕು. ಮನೆಯಲ್ಲಿ ಅಜ್ಜ ಇದ್ದರೆ ಒಂದು ತಕರಾರು ಬರಬಹುದು: ಅವರ ಕಾಲದ ಆಟದಲ್ಲಿ ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಯಾವ ಓಪನಿಂಗ್ ಸಾಫ್ಟ್‌ವೇರೂ ಅಜ್ಜನ ಎದುರು ಕೆಲಸಕ್ಕೆ ಬರುವುದಿಲ್ಲ.

ಶಾಲಾ ಟೂರ್ನಿಗಳಲ್ಲಿ ಆಡುವ, 1600ರ ಒಳಗಿನ ಎಲ್ಲರಿಗೂ ಲಿಚೆಸ್ ಒಂದೇ ಸಾಕು, ಮಳೆಗಾಲಕ್ಕೆ ಜೊತೆಗೆ ಲೂಕಸ್. ಮಾಡುವ ಕ್ರಮ ಮಾತ್ರ ತಿರುಗಿಸಬೇಕು. ಓಪನಿಂಗ್ ಆರಿಸಿ ಉರು ಹೊಡೆಯುವ ಬದಲು ನಿಮ್ಮ ಕಳೆದ ಇಪ್ಪತ್ತು ಆಟ ಎಕ್ಸ್‌ಪ್ಲೋರರಿನಲ್ಲಿ ತೆರೆಯಿರಿ. ಪ್ರತಿಯೊಂದರಲ್ಲೂ ನಿಮಗೆ ಗೊತ್ತಿರುವ ದಾರಿ ಎಲ್ಲಿ ಮುಗಿಯಿತು, ತಪ್ಪಿದ್ದು ಯಾರು ಎಂದು ಗುರುತು ಹಾಕಿ. ನಾನು ಹಾಕಿದಾಗ ಇಪ್ಪತ್ತರಲ್ಲಿ ಹದಿನಾರು ಆಟ ಆರನೇ ನಡೆಯೊಳಗೇ ಪುಸ್ತಕ ಬಿಟ್ಟಿದ್ದವು. ಎಂಟು ನಡೆಯಷ್ಟು ಆಳ ಬರೆಯಿರಿ; ನಿಜವಾದ ಆಟವೊಂದರಲ್ಲಿ ಒಂಬತ್ತನೇ ನಡೆಗೆ ತೊಂದರೆ ಬಂದ ದಿನ ಒಂಬತ್ತನೆಯದನ್ನು ಸೇರಿಸಿ.

1600 ದಾಟಿದವರಿಗೆ, ಅದರಲ್ಲೂ ದಿನಕ್ಕೆ ಇಪ್ಪತ್ತು ನಿಮಿಷ ವರ್ಷಪೂರ್ತಿ ಕೊಡಬಲ್ಲವರಿಗೆ, ಚೆಸ್ಸೇಬಲ್ ಹಣಕ್ಕೆ ಮೋಸವಿಲ್ಲ. ತೋಟದವರು ಕುಯ್ಲಿನ ಮುಂಚೆ ಹೊಸ ಕೋರ್ಸು ಶುರು ಮಾಡಬೇಡಿ.

ಇನ್ನು ಯಾವುದನ್ನು ಆರಿಸಿದರೂ ನಿಮ್ಮ ಓಪನಿಂಗ್ ಟಿಪ್ಪಣಿಯ ಮೂಲ ಪ್ರತಿಯನ್ನು ಪಿಜಿಎನ್ ರೂಪದಲ್ಲೇ ಇಡಿ. ಚೆಸ್‌ಬೇಸಿನ ಸ್ವಂತ ರೂಪದ ಫೈಲನ್ನು ಉಳಿದವು ಸಲೀಸಾಗಿ ತೆರೆಯುವುದಿಲ್ಲ. ಪಿಜಿಎನ್ ಎಲ್ಲ ಕಡೆ ತೆರೆಯುತ್ತದೆ. ಬರೀ ಅಕ್ಷರಗಳ ಫೈಲು, ಸಾವಿರ ಆಟ ಇದ್ದರೂ ಫೋನಿನ ಒಂದು ಫೋಟೊಗಿಂತ ಚಿಕ್ಕದು. ನಾನು ಪ್ರತಿ ಭಾನುವಾರ ಲಿಚೆಸ್ಸಿನಿಂದ ಇಳಿಸಿ ಒಂದು ಪ್ರತಿ ಪೆನ್‌ಡ್ರೈವಿಗೆ, ಒಂದು ಪ್ರತಿ ನನಗೇ ವಾಟ್ಸ್ಯಾಪ್ ಮಾಡಿಕೊಳ್ಳುತ್ತೇನೆ. ಫೈಲಿನ ಹೆಸರು ‘ಹಾಸನ’.